ಕೈ ಬಿಗಿಯುತ್ತದೆ, ಮನಸ್ಸು ಓಡುತ್ತದೆ: ಪಿಟೀಲು ವಾದಕಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 27 ವರ್ಷ, ಊರು ಶಿವಮೊಗ್ಗ. ಚಿಕ್ಕಂದಿನಿಂದ ಕರ್ನಾಟಕ ಸಂಗೀತದ ಪಿಟೀಲು ಕಲಿತಿದ್ದೇನೆ. ವಿದ್ವತ್ ಮುಗಿಸಿ ಈಗ ಪಕ್ಕವಾದ್ಯಕ್ಕೆ ಹೋಗುತ್ತೇನೆ, ಸಂಜೆ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಒಂದು ವರ್ಷದಿಂದ ಎಡಗೈ ಹೆಬ್ಬೆರಳಿನ ಬುಡ ನೋಯುತ್ತಿದೆ. ಕಛೇರಿ ಅರ್ಧಕ್ಕೆ ಬರುವಷ್ಟರಲ್ಲಿ ಎಡ ಭುಜ ಕಲ್ಲಾಗಿರುತ್ತದೆ. ಮನೆಯಲ್ಲಿ ಸಲೀಸಾಗಿ ಬರುವ ಆಲಾಪನೆ ವೇದಿಕೆಯಲ್ಲಿ ಬರುವುದಿಲ್ಲ; ನಿಧಾನವಾಗಿ ಕಮಾನು ಎಳೆಯುವಾಗ ಬಲಗೈ ನಡುಗುತ್ತದೆ. ಹಲ್ಲು ಕಚ್ಚಿಕೊಂಡಿದ್ದೆ ಅನ್ನುವುದು ಆಮೇಲೆ ದವಡೆ ನೋವು ಬಂದಾಗ ತಿಳಿಯುತ್ತದೆ. ಗಾಯಕರು ಹಾಡುತ್ತಿರುವಾಗಲೇ ನನ್ನ ಮನಸ್ಸು ಮುಂದಿನ ಸಾಲಿನವರ ಮುಖ ನೋಡಲು ಹೋಗಿರುತ್ತದೆ. ಗುರುಗಳು ‘ಇನ್ನೂ ಸಾಧನೆ ಮಾಡು, ನೋವು ತಾನಾಗಿ ಹೋಗುತ್ತೆ’ ಅನ್ನುತ್ತಾರೆ. ಡಾಕ್ಟರು ‘ಎರಡು ತಿಂಗಳು ವಾದ್ಯ ಮುಟ್ಟಬೇಡಿ’ ಅಂದರು. ಗೆಳತಿಯೊಬ್ಬಳು ಕಛೇರಿಗೆ ಮುಂಚೆ ಪ್ರೊಪ್ರನೊಲಾಲ್ ಮಾತ್ರೆ ತಗೋ ಅನ್ನುತ್ತಾಳೆ. ಚಿಕ್ಕವಳಿದ್ದಾಗ ನನಗೆ ಉಬ್ಬಸ ಇತ್ತು. ರಾಮನವಮಿ ಕಛೇರಿಗಳಿಗೆ ಇನ್ನು ಎರಡೇ ತಿಂಗಳು. ನನ್ನ ಮನಸ್ಸೇ ದುರ್ಬಲವಾ? ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದೂರುಗಳಿವೆ. ನೋಯುವ ಹೆಬ್ಬೆರಳು, ನಡುಗುವ ಕಮಾನು, ಓಡುವ ಮನಸ್ಸು. ಮೂರನ್ನೂ ಒಂದೇ ಗಂಟು ಕಟ್ಟಿ ‘ದುರ್ಬಲ ಮನಸ್ಸು’ ಅಂತ ನೀವೇ ಹೆಸರಿಟ್ಟಿದ್ದೀರಿ. ವಾದ್ಯಗಾರರ ಕೈ, ಕತ್ತು, ಬೆನ್ನು ನೋಡುವುದು ನನ್ನ ಫಿಸಿಯೋಥೆರಪಿ ಕೆಲಸದ ದೊಡ್ಡ ಭಾಗ. ಆ ಅನುಭವದಿಂದ ಹೇಳುತ್ತೇನೆ, ಆ ಹೆಸರು ತಪ್ಪು. ನನ್ನ ಹತ್ತಿರ ಬರುವ ಪಿಟೀಲಿನವರಲ್ಲಿ ಬಹಳ ಮಂದಿಗೆ ಬಿಗಿತ ಶುರುವಾಗುವುದು ಕೂರುವ ರೀತಿಯಿಂದ. ದೇಹಕ್ಕೆ ಒಂದು ಕಡೆ ಆಧಾರ ಸಿಗದಿದ್ದರೆ ಆ ಕೆಲಸವನ್ನು ಬೇರೊಂದು ಸ್ನಾಯು ವಹಿಸಿಕೊಳ್ಳುತ್ತದೆ. ಹಾಗೆ ವಹಿಸಿಕೊಂಡ ಸ್ನಾಯುವಿಗೆ ‘ಸಡಿಲವಾಗು’ ಅಂದರೆ ಅದು ಕೇಳುವುದಿಲ್ಲ. ಕೇಳಿದರೆ ಪಿಟೀಲು ಬಿದ್ದುಹೋಗುತ್ತದೆ.

ಆದ್ದರಿಂದ ಮೊದಲು ಒಂದು ಪರೀಕ್ಷೆ. ಕಛೇರಿಯಲ್ಲಿ ಕೂರುವ ಹಾಗೇ ಕೂತು ಪಿಟೀಲು ಇಟ್ಟುಕೊಳ್ಳಿ. ಬಲಗೈಯನ್ನು ಪಿಟೀಲಿನ ಹತ್ತಿರವೇ ಕಾವಲಿಗೆ ಇಟ್ಟುಕೊಂಡು, ಎಡಗೈಯನ್ನು ಪೂರ್ತಿ ತೆಗೆಯಿರಿ. ವಾದ್ಯ ಇದ್ದಲ್ಲೇ ನಿಲ್ಲುತ್ತದೆಯೇ? ನಮ್ಮ ಪದ್ಧತಿಯ ಸೊಗಸೇ ಅದು. ಪಾಶ್ಚಾತ್ಯರು ಗಲ್ಲ ಮತ್ತು ಭುಜದ ನಡುವೆ ಪಿಟೀಲನ್ನು ಹಿಡಿಯುತ್ತಾರೆ. ನಾವು ಅದರ ಒಂದು ತುದಿಯನ್ನು ಎಡ ಎದೆ-ಭುಜಕ್ಕೆ ಆನಿಸಿ, ಕುತ್ತಿಗೆಯ ಕೊನೆಯಲ್ಲಿ ಸುರುಳಿಯಿರುವ ತುದಿಯನ್ನು ಬಲಪಾದದ ಗಂಟಿನ ಮೇಲೆ ಕೂರಿಸುತ್ತೇವೆ. ಎರಡು ಕಡೆ ಆಧಾರ ಸಿಕ್ಕಿದ ಮೇಲೆ ಎಡಗೈಗೆ ಹೊರುವ ಕೆಲಸ ಉಳಿಯುವುದಿಲ್ಲ. ಅದು ಮೇಲಿಂದ ಕೆಳಗೆ ಸಲೀಸಾಗಿ ಜಾರಬಹುದು, ಗಮಕಕ್ಕೆ ಬೇಕಾದಷ್ಟು ತೂಗಬಹುದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ಬಂದ ಪರದೇಶದ ವಾದ್ಯ ನಮ್ಮ ಸಂಗೀತಕ್ಕೆ ಇಷ್ಟು ಚೆನ್ನಾಗಿ ಒಗ್ಗಿಕೊಂಡದ್ದಕ್ಕೆ ಈ ಕೂರುವ ಕ್ರಮವೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ.

ಎಡಗೈ ತೆಗೆದ ಕೂಡಲೇ ಪಿಟೀಲು ವಾಲಿದರೆ ನಿಮ್ಮ ಹೆಬ್ಬೆರಳು ಇಷ್ಟು ದಿನ ಏನು ಮಾಡುತ್ತಿತ್ತು ಅನ್ನುವುದು ಗೊತ್ತಾಯಿತು: ಅದು ಮೂರು ಗಂಟೆ ವಾದ್ಯವನ್ನು ಹಿಡಿದು ನಿಲ್ಲಿಸುತ್ತಿತ್ತು. ಹಿಡಿಯುತ್ತಲೇ ತೋಡಿ ರಾಗದ ಗಾಂಧಾರವನ್ನೂ ತೂಗಬೇಕಿತ್ತು. ಭುಜವೂ ಪಿಟೀಲನ್ನು ತಡೆಯಲು ಮೇಲೇರಿ ಮುಂದಕ್ಕೆ ಬರುತ್ತದೆ, ನೀವು ಹೇಳುವ ಕಲ್ಲು ಅದು.

ವಾದ್ಯ ಯಾಕೆ ವಾಲುತ್ತದೆ? ಬಹಳ ಸಲ ಸೊಂಟದಿಂದ. ಚಕ್ಕಂಬಟ್ಟಲು ಹಾಕಿ ಸಮನೆಲದ ಮೇಲೆ ಕೂತಾಗ ಪೃಷ್ಠದ ಮೂಳೆ ಹಿಂದಕ್ಕೆ ಉರುಳುತ್ತದೆ, ಕೆಳಬೆನ್ನು ಗೂನಾಗುತ್ತದೆ, ಎದೆ ತಗ್ಗುತ್ತದೆ. ಎದೆ ತಗ್ಗಿದರೆ ಪಿಟೀಲಿಗೆ ಮೇಲಿನ ಆಧಾರ ಹೋಯಿತು, ಉಸಿರಿಗೂ ಜಾಗ ಕಡಿಮೆಯಾಯಿತು. ಎರಡು ಮೂರು ಅಂಗುಲ ದಪ್ಪದ ಗಟ್ಟಿ ದಿಂಬು, ಇಲ್ಲವೇ ಮಡಿಸಿದ ಜಮಖಾನ, ಪೃಷ್ಠದ ಕೆಳಗೆ ಮಾತ್ರ ಬರುವಂತೆ ಇಟ್ಟುಕೊಂಡು ನೋಡಿ. ಮಂಡಿಗಳು ಸೊಂಟಕ್ಕಿಂತ ಕೆಳಗೆ ಇಳಿಯಬೇಕು. ಮೆತ್ತನೆಯ ಸೋಫಾ ದಿಂಬು ಬೇಡ, ಅರ್ಧ ಗಂಟೆಯಲ್ಲಿ ಅದು ಚಪ್ಪಟೆ. ವೇದಿಕೆಗೆ ದಿಂಬು ತೆಗೆದುಕೊಂಡು ಹೋಗಲು ನಾಚಿಕೆ ಅನ್ನುವವರನ್ನು ನೋಡಿದ್ದೇನೆ. ಸೀರೆಯ ನೆರಿಗೆಯ ಕೆಳಗೆ ಅದು ಯಾರಿಗೂ ಕಾಣುವುದಿಲ್ಲ. ಸೀರೆಯದೇ ಇನ್ನೊಂದು ತೊಂದರೆ ಇದೆ. ರೇಷ್ಮೆಯ ಮೇಲೆ ಸುರುಳಿ ಜಾರುತ್ತದೆ, ಜಾರಿದ್ದನ್ನು ಹೆಬ್ಬೆರಳು ತಡೆಯುತ್ತದೆ. ಮನೆಯಲ್ಲಿ ಹತ್ತಿಯ ಚೂಡಿದಾರದಲ್ಲಿ ನುಡಿಸಿದಾಗ ಇಲ್ಲದ ನೋವು ಕಛೇರಿಯಲ್ಲಿ ಬಂದರೆ ಇದನ್ನೂ ಗಮನಿಸಿ.

ಇಷ್ಟನ್ನು ಕನ್ನಡಿಯಲ್ಲಿ ನೋಡುವುದಕ್ಕಿಂತ ಪಕ್ಕದಿಂದ ವಿಡಿಯೊ ಮಾಡಿ ನೋಡುವುದು ಮೇಲು. ಟಾಸ್ಮೇನಿಯಾದಲ್ಲಿ 1869ರಲ್ಲಿ ಹುಟ್ಟಿದ ಎಫ್. ಎಂ. ಅಲೆಕ್ಸಾಂಡರ್ ಅನ್ನುವವರು ವೇದಿಕೆಯ ಮೇಲೆ ಕಾವ್ಯವಾಚನ ಮಾಡುತ್ತಿದ್ದರು. ವಾಚನದ ಹೊತ್ತಿಗೆ ಗಂಟಲು ಕಟ್ಟುತ್ತಿತ್ತು. ಕನ್ನಡಿಗಳ ಮುಂದೆ ನಿಂತು ತಮ್ಮನ್ನೇ ಗಮನಿಸಿ, ಬಾಯಿ ತೆರೆಯುವ ಮುಂಚೆಯೇ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೇನೆ ಅಂತ ಕಂಡುಕೊಂಡರು. ಸಂಗೀತಗಾರರಲ್ಲಿ ಹೆಸರಾದ ಅಲೆಕ್ಸಾಂಡರ್ ಪದ್ಧತಿ ಅಲ್ಲಿಂದ ಹುಟ್ಟಿದ್ದು. ನಿಮ್ಮ ವಿಡಿಯೊದಲ್ಲಿ ಮೊದಲ ಸ್ವರಕ್ಕಿಂತ ಮುಂಚಿನ ಎರಡು ಸೆಕೆಂಡು ನೋಡಿ. ದವಡೆ ಬಿಗಿಯುವುದು, ಉಸಿರು ಕಟ್ಟುವುದು, ಭುಜ ಏರುವುದು ಬಹುಮಟ್ಟಿಗೆ ಅಲ್ಲೇ ನಡೆದಿರುತ್ತದೆ.

ಈಗ ನೋವಿಗೆ ಬರೋಣ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳಿನ ಕಡೆಗೆ ಬಗ್ಗಿಸಿ. ಹೆಬ್ಬೆರಳಿನ ಕಡೆಯ ಮಣಿಕಟ್ಟಿನಲ್ಲಿ ಚಳಕು ಹೊಡೆದರೆ, ಬಲಗೈಯಲ್ಲಿ ಹಾಗೆ ಮಾಡಿದಾಗ ಅಷ್ಟು ನೋವಿಲ್ಲದಿದ್ದರೆ, ಡಿ ಕ್ವೆರ್ವೇನ್ ಅನ್ನುವ ತೊಂದರೆ ಇರಬಹುದು. ಹೆಬ್ಬೆರಳನ್ನು ಎಳೆಯುವ ಸ್ನಾಯುರಜ್ಜುಗಳು ಒಂದು ಇಕ್ಕಟ್ಟಾದ ಕವಚದೊಳಗೆ ಹಾದುಹೋಗುತ್ತವೆ. ಆ ಕವಚ ದಪ್ಪಗಾಗಿ ಅವು ಉಜ್ಜುತ್ತವೆ. ಹಸುಗೂಸನ್ನು ಎತ್ತಿ ಎತ್ತಿ ಬಾಣಂತಿಯರಿಗೂ ಇದು ಬರುತ್ತದೆ. ಇದು ಮನೆಯಲ್ಲಿ ಮಾಡಿಕೊಳ್ಳುವ ಅಂದಾಜು ಅಷ್ಟೇ, ಖಚಿತ ಮಾಡುವುದು ನೋಡಿದವರ ಕೆಲಸ. ನೋವು ಹೆಬ್ಬೆರಳಿನ ಕೆಳಗಿನ ಕೀಲಿನೊಳಗೇ ಇದ್ದರೆ ಅದರ ದಾರಿ ಬೇರೆ.

‘ನೋವು ಸಾಧನೆಯ ಗುರುತು’ ಅನ್ನುವ ನಂಬಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ. 1980ರ ದಶಕದಲ್ಲಿ ಅಮೆರಿಕದ ಸಿಂಫನಿ ಆರ್ಕೆಸ್ಟ್ರಾಗಳ ಎರಡು ಸಾವಿರಕ್ಕೂ ಹೆಚ್ಚು ವಾದಕರನ್ನು ಕೇಳಿದಾಗ, ವಾದನಕ್ಕೆ ಅಡ್ಡಿಯಾಗುವಷ್ಟು ದೈಹಿಕ ತೊಂದರೆ ಒಂದಾದರೂ ಇದೆ ಎಂದವರು ನಾಲ್ವರಲ್ಲಿ ಮೂವರು. ಅವರೆಲ್ಲ ಕಡಿಮೆ ಸಾಧನೆ ಮಾಡಿದವರಲ್ಲ. ಬೆರಳ ತುದಿಯ ಚರ್ಮ ಒರಟಾಗುವುದು, ಹೊಸ ವರ್ಣ ಕಲಿತ ವಾರ ಮುಂಗೈ ಆಯಾಸವಾಗುವುದು ಸಹಜ. ಬೆಳಗ್ಗೆ ಎದ್ದಾಗಲೂ ಇರುವ ನೋವು, ಬಾಟಲಿ ಮುಚ್ಚಳ ತಿರುಗಿಸಲು ಬಿಡದ ನೋವು ಸಹಜವಲ್ಲ. ಗುರುಗಳ ಮಾತಿನಲ್ಲಿ ಅರ್ಧ ಸತ್ಯವಿದೆ: ಸಾಧನೆಯಿಂದಲೇ ಸರಿಹೋಗುತ್ತದೆ, ಆದರೆ ಬದಲಾದ ಸಾಧನೆಯಿಂದ. ಹೆಬ್ಬೆರಳು ಹೊರುವ ಕ್ರಮದಲ್ಲೇ ಇನ್ನೂ ಎರಡು ಗಂಟೆ ಸೇರಿಸಿದರೆ ಗಟ್ಟಿಯಾಗುವುದು ಆ ಹೊರುವ ಅಭ್ಯಾಸ.

ಡಾಕ್ಟರ ಮಾತಿನಲ್ಲೂ ಅರ್ಧ ಸತ್ಯ. ಉಜ್ಜಿ ಊದಿದ ಜಾಗಕ್ಕೆ ಬಿಡುವು ಬೇಕು. ಹೆಬ್ಬೆರಳಿಗೆ ಪಟ್ಟಿ ಹಾಕಿ ಕೆಲವು ವಾರ ಇರುವುದರಿಂದ ಬಹಳ ಜನಕ್ಕೆ ಗುಣ ಕಾಣುತ್ತದೆ. ಆದರೆ ಎರಡು ತಿಂಗಳು ಪೂರ್ತಿ ನಿಲ್ಲಿಸಿ ನೇರವಾಗಿ ರಾಮನವಮಿ ಕಛೇರಿಗೆ ಹೋಗಿ ಕೂರುವುದು ನಾನು ಕಂಡ ದಾರಿಗಳಲ್ಲಿ ಅತಿ ಅಪಾಯದ್ದು. ಸುಮ್ಮನಿದ್ದ ಸ್ನಾಯು, ರಜ್ಜು ಭಾರ ತಡೆಯುವ ಶಕ್ತಿ ಕಳೆದುಕೊಂಡಿರುತ್ತವೆ. ದಿಢೀರನೆ ಹೆಚ್ಚುವ ಹೊತ್ತೇ ವಾದ್ಯಗಾರರ ದೊಡ್ಡ ಶತ್ರು. ಪರೀಕ್ಷೆಯ ತಿಂಗಳು, ಕಛೇರಿಗಳ ಸುಗ್ಗಿ ಬಂದಾಗ ನಮ್ಮಲ್ಲಿ ಸಾಲು ಉದ್ದವಾಗುವುದು ಅದಕ್ಕೇ.

ನಾನು ಹೇಳುವುದು ನಡುದಾರಿ. ಈಗ ದಿನಕ್ಕೆ ಎಷ್ಟು ಹೊತ್ತು ಪಿಟೀಲು ಕೈಯಲ್ಲಿರುತ್ತದೆ ಅಂತ ಒಂದು ವಾರ ಬರೆದಿಡಿ. ಪಾಠ ಹೇಳುವಾಗ ಮಕ್ಕಳಿಗೆ ನುಡಿಸಿ ತೋರಿಸುವುದನ್ನೂ ಸೇರಿಸಿ. ಬಹಳ ಮಂದಿ ‘ಒಂದೂವರೆ ಗಂಟೆ’ ಎಂದು ಹೇಳಿ, ಬರೆದ ಮೇಲೆ ನಾಲ್ಕು ಗಂಟೆ ಕಂಡು ಬೆಚ್ಚುತ್ತಾರೆ. ಆ ಮೊತ್ತವನ್ನು ಅರ್ಧಕ್ಕೆ ಇಳಿಸಿ, ಇಪ್ಪತ್ತು ನಿಮಿಷದ ತುಂಡು ಮಾಡಿ, ನಡುವೆ ಎದ್ದು ಐದು ನಿಮಿಷ ಓಡಾಡಿ. ಆ ಐದು ನಿಮಿಷ ಫೋನು ಹಿಡಿದು ಹೆಬ್ಬೆರಳಲ್ಲಿ ಟೈಪ್ ಮಾಡಿದರೆ ಬಿಡುವು ಕೊಟ್ಟಂತಾಗುವುದಿಲ್ಲ. ಮಕ್ಕಳಿಗೆ ಸಾಧ್ಯವಾದಷ್ಟು ಹಾಡಿ ತೋರಿಸಿ. ಪಿಟೀಲಿನ ಮಕ್ಕಳು ಹಾಡಿ ಕಲಿತರೆ ಅವರಿಗೂ ಒಳ್ಳೆಯದು. ನುಡಿಸುವಾಗ ಹತ್ತಕ್ಕೆ ಮೂರರಷ್ಟು ನೋವು ಬಂದು ಮರುದಿನ ಬೆಳಗ್ಗೆ ಇಳಿದಿದ್ದರೆ ಮುಂದುವರಿಸಿ, ಇಳಿಯದಿದ್ದರೆ ಹೊತ್ತು ಕಡಿಮೆ ಮಾಡಿ. ಎರಡು ವಾರ ನೆಮ್ಮದಿಯಾಗಿ ಕಳೆದ ಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿ. ಇದರ ಜೊತೆಗೆ ಫಿಸಿಯೋಥೆರಪಿಯಲ್ಲಿ ರಜ್ಜುವಿಗೆ ಮೆಲ್ಲಗೆ ಭಾರ ಕೊಡುವ ವ್ಯಾಯಾಮ ಕಲಿಯಬೇಕು. ಬೆರಳನ್ನು ಹಿಡಿದು ಎಳೆಯುವ ಸ್ಟ್ರೆಚಿಂಗ್ ಸಾಕು ಅಂದುಕೊಳ್ಳಬೇಡಿ. ಊದಿದ ರಜ್ಜುವನ್ನು ಎಳೆದರೆ ಕೆಣಕಿದಂತೆಯೇ.

ನೋವಿನ ಮಾತ್ರೆ ನುಂಗಿ ಕಛೇರಿ ಮುಗಿಸುವುದು ಸುಲಭ. ಆದರೆ ಎಲ್ಲಿ ನಿಲ್ಲಿಸಬೇಕು ಅಂತ ಹೇಳುವ ನೋವನ್ನೇ ಅದು ಮುಚ್ಚುತ್ತದೆ; ಪದೇ ಪದೇ ತೆಗೆದುಕೊಂಡರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ. ಡಿ ಕ್ವೆರ್ವೇನ್ ಅಂತ ಖಚಿತವಾಗಿ, ಪಟ್ಟಿ ಮತ್ತು ವ್ಯಾಯಾಮಕ್ಕೆ ಬಗ್ಗದಿದ್ದರೆ ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಕೇಳಿ. ಎಷ್ಟೋ ಜನಕ್ಕೆ ಅದು ಕೆಲಸ ಮಾಡುತ್ತದೆ. ಚುಚ್ಚಿದ ಜಾಗದ ಚರ್ಮ ಬಿಳಿಚುವುದು, ತೆಳುವಾಗುವುದು ಉಂಟು. ಕಛೇರಿಯ ಹಿಂದಿನ ದಿನ ಹಾಕಿಸಿಕೊಳ್ಳುವ ವಸ್ತು ಅದಲ್ಲ.

ಬಲಗೈ ನಡುಕದ ಕಥೆ ಬೇರೆ. ಹೆದರಿಕೆಯಲ್ಲಿ ರಕ್ತಕ್ಕೆ ಇಳಿಯುವ ಅಡ್ರಿನಲಿನ್ ಎಲ್ಲರ ಕೈಯಲ್ಲೂ ಇರುವ ಸಣ್ಣ ನಡುಕವನ್ನು ದೊಡ್ಡದು ಮಾಡುತ್ತದೆ. ಅದನ್ನು ಅಡಗಿಸಲು ನಾವು ಕಮಾನನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತೇವೆ. ಆಗ ತೋಳನ್ನು ಮಡಿಸುವ ಸ್ನಾಯು, ಚಾಚುವ ಸ್ನಾಯು ಎರಡೂ ಒಂದೇ ಸಲ ಎಳೆಯುತ್ತವೆ. ಹಗ್ಗದ ಗಂಟು ಎರಡು ಕಡೆಯಿಂದ ಎಳೆದಷ್ಟೂ ಬಿಗಿಯುವ ಹಾಗೆ, ನಡುಕ ಅಡಗುವ ಬದಲು ಕಮಾನಿಗೆ ಇಳಿಯುತ್ತದೆ. ವೇಗದ ಸ್ವರಕಲ್ಪನೆಯಲ್ಲಿ ಇದು ಕಾಣುವುದಿಲ್ಲ, ವಿಳಂಬದ ಒಂದು ನೀಳ ಷಡ್ಜದಲ್ಲಿ (‘ಸ’ ಸ್ವರದಲ್ಲಿ) ಬಯಲಾಗುತ್ತದೆ.

ಇದಕ್ಕೆ ಮನೆಮದ್ದು ಬಹಳ ಹಳೆಯದು, ಸರಳೆ ವರಸೆಯಷ್ಟೇ ಹಳೆಯದು. ತಂಬೂರಿ ಹಾಕಿಕೊಂಡು ಒಂದು ಕಮಾನಿಗೆ ಎಂಟು ಎಣಿಕೆ, ಬರೀ ಷಡ್ಜ. ಒತ್ತಡವನ್ನು ಬೆರಳಿನಿಂದ ಕೊಡದೆ ತೋಳಿನ ತೂಕ ತಂತಿಯ ಮೇಲೆ ಕೂರಲು ಬಿಡಿ. ಮುಂದಿನ ಎಳೆತಕ್ಕೆ ಮುಷ್ಟಿಯನ್ನು ಬೇಕೆಂದೇ ತುಂಬ ಬಿಗಿಮಾಡಿ, ಅದರ ಮುಂದಿನದಕ್ಕೆ ಅರ್ಧ, ಆಮೇಲೆ ಕಮಾನು ಜಾರಿಯೇ ಹೋಗುತ್ತದೆ ಅನ್ನುವಷ್ಟು ಸಡಿಲ. ಕೈ ಎಷ್ಟು ಬಿಗಿಯಿದೆ ಅಂತ ಅಳೆಯುವ ಸೂಕ್ಷ್ಮ ಹೀಗೆ ಬರುತ್ತದೆ. ಪೂರ್ತಿ ಸಡಿಲವಾದ ಕೈ ನಮಗೆ ಬೇಡ, ಅಂಥ ಕೈಯಲ್ಲಿ ನಾದ ಹುಟ್ಟುವುದಿಲ್ಲ. ಬೇಕಾದಷ್ಟೇ ಬಿಗಿ ಸಾಕು.

ವೇದಿಕೆಯಲ್ಲಿ ಮಾತ್ರ ಕೈ ಬಿಗಿಯಲು ಇನ್ನೊಂದು ಕಾರಣವಿದೆ, ಅದನ್ನು ಯಾರೂ ಮನಸ್ಸಿನ ಖಾತೆಗೆ ಹಾಕಬಾರದು: ವಾದಕರಿಗೇ ಕೇಳಿಸಲೆಂದು ವೇದಿಕೆಯ ಮೇಲೆ ಇಡುವ ಮಾನಿಟರ್ ಸ್ಪೀಕರ್. ನಿಮ್ಮ ಪಿಟೀಲು ನಿಮಗೇ ಕೇಳಿಸದಿದ್ದರೆ, ಪಕ್ಕದಲ್ಲಿ ಮೃದಂಗ ಮೊರೆಯುತ್ತಿದ್ದರೆ, ಗೊತ್ತಿಲ್ಲದೆ ಎರಡೂ ಕೈ ಒತ್ತುತ್ತವೆ. ಮೈಸೂರು ಟಿ. ಚೌಡಯ್ಯನವರು (1895–1967) ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ಮೈಕಿನ ಸೌಕರ್ಯವಿಲ್ಲದ ಸಭೆಗಳಲ್ಲಿ ನಾದ ಹಿಂದಿನ ಸಾಲಿಗೂ ಮುಟ್ಟಲಿ ಅಂತ. ನಿಮ್ಮ ಕಾಲದಲ್ಲಿ ಮೈಕಿನವರು ಇದ್ದಾರೆ. ಕಛೇರಿಗೆ ಅರ್ಧ ಗಂಟೆ ಮೊದಲೇ ಹೋಗಿ, ‘ನನ್ನ ಮಾನಿಟರಿನಲ್ಲಿ ಪಿಟೀಲು ಸ್ವಲ್ಪ ಜಾಸ್ತಿ ಕೊಡಿ’ ಅಂತ ಅವರ ಹೆಸರು ಹಿಡಿದು ಕೇಳಿ. ಪೆಂಡಾಲಿನಲ್ಲಿ ದೇವರೇ ಗತಿ, ಆದರೂ ಕೇಳಿ.

ಇನ್ನು ಮಾತ್ರೆ. ಪ್ರೊಪ್ರನೊಲಾಲ್ ಅಡ್ರಿನಲಿನ್ನಿನ ದಾರಿಗೆ ಅಡ್ಡ ನಿಲ್ಲುತ್ತದೆ. ಎದೆಬಡಿತ, ಕೈ ನಡುಕ ಇಳಿಯುತ್ತವೆ. ಆಗ ಹೇಳಿದ ಆರ್ಕೆಸ್ಟ್ರಾ ಸಮೀಕ್ಷೆಯಲ್ಲೇ ಕಾಲುಭಾಗಕ್ಕಿಂತ ಹೆಚ್ಚು ಮಂದಿ ಇಂಥ ಮಾತ್ರೆ ಬಳಸಿದ್ದೇವೆ ಎಂದಿದ್ದರು, ಆದ್ದರಿಂದ ನಿಮ್ಮ ಗೆಳತಿ ಏನೋ ವಿಚಿತ್ರ ಹೇಳಿದಳು ಅಂದುಕೊಳ್ಳಬೇಡಿ. ಆದರೆ ನಿಮಗೆ ಉಬ್ಬಸ ಇತ್ತು. ಈ ಮಾತ್ರೆ ಶ್ವಾಸನಾಳಗಳನ್ನು ಸಂಕುಚಿಸಿ ಉಬ್ಬಸವನ್ನು ಕೆರಳಿಸಬಹುದು, ಜೀವಕ್ಕೇ ಕುತ್ತಾಗುವಷ್ಟು. ಬಾಲ್ಯದಲ್ಲೇ ನಿಂತುಹೋಯಿತು ಅಂತ ನೀವು ತೀರ್ಮಾನಿಸುವಂತಿಲ್ಲ. ಗೆಳತಿಯ ಡಬ್ಬಿಯಿಂದ ಒಂದನ್ನೂ ತೆಗೆದುಕೊಳ್ಳಬೇಡಿ. ಹೃದಯಬಡಿತ ನಿಧಾನವಿರುವವರು, ರಕ್ತದೊತ್ತಡ ಕಡಿಮೆಯಿರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಸಹ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಇದರ ಇನ್ನೊಂದು ಗುಣ ಕೈ ಬೆರಳು ತಣ್ಣಗಾಗುವುದು, ಪಿಟೀಲಿನವರಿಗೆ ಅದೇನು ವರವಲ್ಲ.

ಉಸಿರಿನಿಂದ ಸ್ವಲ್ಪ ಮಟ್ಟಿಗೆ ಅದೇ ಕೆಲಸ ಆಗುತ್ತದೆ. ಒಳಗೆ ನಾಲ್ಕು ಎಣಿಕೆ, ಹೊರಗೆ ಏಳೆಂಟು ಎಣಿಕೆ, ಐದು ನಿಮಿಷ. ನಿಶ್ವಾಸ ನೀಳವಾದಾಗ ಎದೆಬಡಿತ ಇಳಿಯುತ್ತದೆ. ಭ್ರಾಮರಿ ಮಾಡುವವರಿಗೆ ಹೇಳಿಕೊಡಬೇಕಿಲ್ಲ, ಹಲ್ಲು ಬಿಡಿಯಾಗಿಟ್ಟು ಗುನುಗಿದರೆ ದವಡೆ ಸಡಿಲವಾಗಿರುತ್ತದೆ ಅನ್ನುವ ಲಾಭವೂ ಅದರಲ್ಲಿದೆ. ವೇದಿಕೆ ಏರುವ ಮುಂಚೆ ಕಪಾಲಭಾತಿ ಮಾತ್ರ ಬೇಡ. ರಭಸದ ಉಸಿರಾಟದಿಂದ ಬೆರಳು ಜುಮುಜುಮು ಅನ್ನುತ್ತದೆ, ತಲೆ ಹಗುರಾಗುತ್ತದೆ, ಅದನ್ನೇ ಭಯ ಅಂದುಕೊಂಡು ಇನ್ನೂ ಹೆದರುತ್ತೀರಿ.

ಮನಸ್ಸು ಓಡುವುದರ ಬಗ್ಗೆ. ಏಕಾಗ್ರತೆ ಅಂದರೆ ಹುಬ್ಬು ಗಂಟಿಕ್ಕಿ ಒಂದೇ ಕಡೆ ಹಿಡಿದಿಡುವುದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೆ ಹಿಡಿದಿಡಲು ಹೋದಾಗ ಮೊದಲು ಬಿಗಿಯುವುದು ದವಡೆ. ಇನ್ನು ಕೆಲವರು ಮುಂದಿನ ಸಾಲಿನಿಂದ ಮನಸ್ಸನ್ನು ಕಿತ್ತು ತಮ್ಮ ಬೆರಳಿನ ಮೇಲೆ ಇಡುತ್ತಾರೆ, ಅದು ಇನ್ನೂ ಕೆಟ್ಟದ್ದು. ಕೈಕಾಲಿನ ಚಲನೆಯ ಮೇಲೆ ಗಮನ ಇಟ್ಟವರಿಗಿಂತ ಆ ಚಲನೆಯ ಫಲದ ಮೇಲೆ ಗಮನ ಇಟ್ಟವರು ಚೆನ್ನಾಗಿ ಮಾಡುತ್ತಾರೆ ಅಂತ ಚಲನೆಯ ಕಲಿಕೆಯನ್ನು ಅಧ್ಯಯನ ಮಾಡುವ ವಿಜ್ಞಾನಿ ಗೇಬ್ರಿಯೆಲ್ ವುಲ್ಫ್ ಅವರ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ನಮಗೆ ಫಲ ಎಂದರೆ ನಾದ. ಹೆಬ್ಬೆರಳು ಹೇಗಿದೆ ಅನ್ನುವ ಪ್ರಶ್ನೆ ಮನೆಯ ಸಾಧನೆಗೆ ಇರಲಿ, ವೇದಿಕೆಯ ಮೇಲೆ ಅದನ್ನು ಕೇಳಿಕೊಳ್ಳಬೇಡಿ.

ಪಕ್ಕವಾದ್ಯದವರಿಗೆ ಈ ವಿಷಯದಲ್ಲಿ ಒಂದು ಅದೃಷ್ಟವಿದೆ: ಗಮನಕ್ಕೆ ಕೆಲಸ ಕೊಡುವವರು ಪಕ್ಕದಲ್ಲೇ ಕೂತಿದ್ದಾರೆ. ಆಲಾಪನೆಯಲ್ಲಿ ಗಾಯಕರ ಪ್ರತಿ ಸಂಚಾರವನ್ನೂ ಹಿಡಿಯಲು ಹೋಗದೆ, ಅವರು ಯಾವ ಸ್ವರದಲ್ಲಿ ನಿಲ್ಲುತ್ತಾರೆ ಅನ್ನುವುದೊಂದನ್ನೇ ಕೇಳಿ. ನಿಂತ ಸ್ವರವನ್ನು ಒಳಗೇ ಗುನುಗಿ. ಅವರು ಉಸಿರು ತೆಗೆದುಕೊಳ್ಳುವಾಗ ನೀವೂ ತೆಗೆದುಕೊಳ್ಳಿ. ಅವರ ಹಾಡು ನಿಂತ ಕಡೆ ತಂಬೂರಿಯ ಪಂಚಮಕ್ಕೆ ಕಿವಿ ಕೊಡಿ. ಮನಸ್ಸು ಮತ್ತೆ ಮುಂದಿನ ಸಾಲಿಗೆ ಹೋಗುತ್ತದೆ, ಹೋಗಲಿ. ಹೋದದ್ದು ಗೊತ್ತಾದಾಗ ಬೈದುಕೊಳ್ಳದೆ ನಿಂತ ಸ್ವರಕ್ಕೆ ಬನ್ನಿ. ತನಿ ಆವರ್ತನ (ಮೃದಂಗದಂಥ ಲಯವಾದ್ಯಗಳು ಮಾತ್ರ ನುಡಿಯುವ ಭಾಗ) ಬಂದಾಗ ಪಿಟೀಲನ್ನು ಮಡಿಲಿಗೆ ಇಳಿಸಿ, ಎರಡೂ ಅಂಗೈ ಮೇಲ್ಮುಖವಾಗಿ ತೊಡೆಯ ಮೇಲೆ ಇಡಿ. ತಾಳ ಹಾಕಲೇಬೇಕಾದರೆ ಬಲಗೈಯಲ್ಲಿ ಹಗುರವಾಗಿ ಹಾಕಿ, ಎಡಗೈ ಸುಮ್ಮನಿರಲಿ. ಕಛೇರಿಯ ನಡುವೆ ಹೀಗೆ ಹತ್ತು ನಿಮಿಷ ಕೈಗೆ ಬಿಡುವು ಬೇರೆ ಎಲ್ಲೂ ಸಿಗುವುದಿಲ್ಲ.

ಭಯ ಪೂರ್ತಿ ಹೋಗಲಿ ಅಂತ ಕಾಯಬೇಡಿ. ಸ್ವಲ್ಪ ಉದ್ವೇಗ ವಾದನಕ್ಕೆ ಕಳೆ ಕೊಡುತ್ತದೆ. ಅದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಬಹುದು. ಮಹಡಿ ಮೆಟ್ಟಿಲು ನಾಲ್ಕು ಸಲ ಹತ್ತಿಳಿದು, ಎದೆ ಹೊಡೆದುಕೊಳ್ಳುತ್ತಿರುವಾಗಲೇ ಕೂತು ನೀಳ ಷಡ್ಜ ಎಳೆಯಿರಿ. ವಾರಕ್ಕೊಮ್ಮೆ ನೆರೆಯ ನಾಲ್ಕು ಜನರನ್ನು ಕರೆದು, ಅದೇ ಸೀರೆ, ಅದೇ ದಿಂಬು, ಅದೇ ಕ್ರಮದಲ್ಲಿ ಅರ್ಧ ಗಂಟೆ ನುಡಿಸಿ. ಇಷ್ಟು ಮಾಡಿಯೂ ವಾರಗಟ್ಟಲೆ ನಿದ್ದೆ ಕೆಡುತ್ತಿದ್ದರೆ, ಕಛೇರಿಗಳನ್ನೇ ತಪ್ಪಿಸುತ್ತಿದ್ದರೆ ಮನಶ್ಶಾಸ್ತ್ರಜ್ಞರನ್ನು ನೋಡಿ.

ತಡ ಮಾಡದೆ ತೋರಿಸಬೇಕಾದ ಲಕ್ಷಣಗಳು ಕೆಲವಿವೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾದರೆ ಮಣಿಕಟ್ಟಿನಲ್ಲಿ ನರ ಒತ್ತುತ್ತಿರಬಹುದು. ಉಂಗುರಬೆರಳು, ಕಿರುಬೆರಳಾದರೆ ಮೊಣಕೈಯಲ್ಲಿ. ಕೈಯಿಂದ ವಸ್ತು ಜಾರಿ ಬೀಳುತ್ತಿದ್ದರೆ ಕಾಯಬೇಡಿ. ಇನ್ನೊಂದು ಲಕ್ಷಣ ನೋವಿಲ್ಲದ್ದು, ಅದಕ್ಕೇ ಮೋಸಹೋಗುತ್ತೇವೆ: ಬರೆಯುವಾಗ, ಅಡುಗೆ ಮಾಡುವಾಗ ಸರಿಯಿರುವ ಬೆರಳು ಪಿಟೀಲು ಹಿಡಿದಾಗ ಮಾತ್ರ ತಾನಾಗಿ ಮಡಿಚಿಕೊಳ್ಳುತ್ತದೆ. ಫೋಕಲ್ ಡಿಸ್ಟೋನಿಯಾ ಎಂಬ ಇದು ಸ್ನಾಯುವಿನ ತೊಂದರೆಯಲ್ಲ, ಮಿದುಳಿನ ಚಲನೆಯ ನಕ್ಷೆ ಕಲಸಿಹೋಗುವುದು. ಅಮೆರಿಕದ ಪಿಯಾನೊ ವಾದಕ ಲಿಯೊನ್ ಫ್ಲೈಷರ್ 1960ರ ದಶಕದಲ್ಲಿ ಬಲಗೈಯನ್ನು ಇದಕ್ಕೆ ಕಳೆದುಕೊಂಡು ದಶಕಗಳ ಕಾಲ ಎಡಗೈಯ ಕೃತಿಗಳನ್ನೇ ನುಡಿಸಿದರು. ಇದಕ್ಕೆ ಹೆಚ್ಚು ಸಾಧನೆ ಮಾಡಿದಷ್ಟೂ ಕೇಡು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ನರರೋಗ ತಜ್ಞರಿಗೆ ತೋರಿಸಬೇಕು, ವಾದ್ಯ ಜೊತೆಗೇ ಒಯ್ಯಬೇಕು. ನಿಮ್ಮ ಪತ್ರದಲ್ಲಿ ಇದರ ಸುಳಿವಿಲ್ಲ.

ರಾಮನವಮಿಗೆ ಎಷ್ಟು ಕಛೇರಿ ಒಪ್ಪಿದ್ದೀರೋ ಬರೆದಿಲ್ಲ. ದಿನ ಬಿಟ್ಟು ದಿನ ಇದ್ದರೆ ಒಂದೆರಡನ್ನು ಈಗಲೇ ಬಿಡಿ. ಎರಡು ತಿಂಗಳ ಮುಂಚೆ ಹೇಳಿದರೆ ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ, ಹಿಂದಿನ ದಿನ ಹೇಳಿದರೆ ಮುಂದಿನ ವರ್ಷ ಕರೆಯುವುದಿಲ್ಲ. ಗುರುಗಳ ಹತ್ತಿರ ‘ನೋಯುತ್ತೆ’ ಅಂತ ಮಾತ್ರ ಹೇಳಿದರೆ ಸಿಗುವ ಉತ್ತರ ಗೊತ್ತೇ ಇದೆ. ಪಿಟೀಲು ತೆಗೆದುಕೊಂಡು ಹೋಗಿ, ಎದುರಿಗೆ ಕೂತು, ಎಡಗೈ ತೆಗೆದು ತೋರಿಸಿ: ‘ಸರ್, ಕೈ ಬಿಟ್ಟರೆ ಇದು ಹೀಗೆ ವಾಲುತ್ತೆ, ನನ್ನ ಕೂರೋ ಕ್ರಮ ಒಂದ್ಸಲ ನೋಡ್ತೀರಾ?’ ವಾದ್ಯ ಹಿಡಿಯುವ ಪ್ರಶ್ನೆ ತಂದ ಶಿಷ್ಯೆಯನ್ನು ವಾಪಸು ಕಳಿಸಿದ ಗುರುವನ್ನು ನಾನಂತೂ ನೋಡಿಲ್ಲ.